ದಂಡಿನ ಹಕ್ಕು, ಪೀಠದ ರಕ್ಷಣೆ

ಲಿಂಗಸೂಗೂರು ತಾಲ್ಲೂಕಿನಲ್ಲಿ ಒಂದೇ ಹೆಸರಿನ ಎರಡು ಊರುಗಳಿವೆ. ಹಳೆಯದು ಕಸಬಾ ಲಿಂಗಸೂಗೂರು. ಈಗ ತಾಲ್ಲೂಕು ಕೇಂದ್ರವಾಗಿರುವುದು ದಂಡಿನ ಛಾವಣಿಯಿಂದ ಬೆಳೆದ ಊರು. ಆ ದಂಡಿಗೆ ಹೈದರಾಬಾದ್ ಕಂಟಿಂಜೆಂಟ್ ಎಂದು ಹೆಸರು. ಹೆಸರು ನಿಜಾಮನದು, ಖರ್ಚೂ ನಿಜಾಮನದೇ, ಆದರೆ ಅದನ್ನು ನಡೆಸುತ್ತಿದ್ದವರು ಇಂಗ್ಲಿಷ್ ಅಧಿಕಾರಿಗಳು. ದಂಡಿನ ಸಂಬಳದ ಬಾಕಿ ಬೆಳೆದು ಬೆಳೆದು, 1853ರ ಮೇ 21ರ ಒಪ್ಪಂದದಂತೆ ಬೇರಾರ್ ಮತ್ತು ಧಾರಾಶಿವ್ ಸೀಮೆಗಳ ಜೊತೆಗೆ ಕೃಷ್ಣಾ–ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಕೂಡ ಕಂಪನಿಯ ಆಡಳಿತಕ್ಕೆ ಹೋಯಿತು. 1860ರ ಡಿಸೆಂಬರ್‌ನಲ್ಲಿ ಮತ್ತೊಂದು ಒಪ್ಪಂದವಾಗಿ ದೋಆಬ್ ನಿಜಾಮನಿಗೆ ಮರಳಿತು, 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು, 1858ರ ಬಂಡಾಯದಲ್ಲಿ ನೆಲಕಚ್ಚಿದ ಸುರಪುರವೂ ನಿಜಾಮನ ಪಾಲಾಯಿತು. ನೆಲ ಮರಳಿದರೂ ದಂಡು ಮಾತ್ರ ಲಿಂಗಸೂಗೂರು ಬಿಡಲಿಲ್ಲ. ಒಬ್ಬ ಅರಸನ ನೆಲದಲ್ಲಿ ಇನ್ನೊಬ್ಬರ ಕಾನೂನು ನಡೆಯುವುದೆಂದರೆ ಏನೆಂದು ಈ ಸೀಮೆ ಕಂಡದ್ದು ಹಾಗೆ. ಅಂತರರಾಷ್ಟ್ರೀಯ ನ್ಯಾಯಾಲಯದ ಸದಸ್ಯರಿಗೆ ಕಾನೂನಿನ ಕೈಗೆ ಸಿಗದಂಥ ರಕ್ಷಣೆ ಏಕೆ ಬೇಕು, ಎಷ್ಟು ಬೇಕು ಎಂಬ ಪ್ರಶ್ನೆ ಹೇಗ್ ನಗರದ ವಕೀಲರಿಗೆ ಮಾತ್ರ ಸೇರಿದ್ದು ಎಂದು ತೋರಬಹುದು. ಸಿಂಧನೂರು, ಲಿಂಗಸೂಗೂರು, ಮಸ್ಕಿಯ ಚರಿತ್ರೆ ಗೊತ್ತಿದ್ದವರಿಗೆ ಅದು ಮನೆಬಾಗಿಲಿನ ಪ್ರಶ್ನೆ. ಇಂಥ ರಕ್ಷಣೆಯ ಕೆಟ್ಟ ರೂಪವನ್ನೂ ಒಳ್ಳೆಯ ರೂಪವನ್ನೂ ಈ ಮೂರು ತಾಲ್ಲೂಕುಗಳು ಉಂಡಿವೆ. ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದು ಇಲ್ಲಿಯ ಚರಿತ್ರೆಯಲ್ಲೇ ಕಾಣುತ್ತದೆ ಎಂಬುದು ನನ್ನ ವಾದ.

ಮೊದಲು ಕೆಟ್ಟದ್ದು. ಛಾವಣಿಯ ಗಡಿಯೊಳಗೆ ನಿಜಾಮನ ಪೊಲೀಸರ ಮಾತು ನಡೆಯುತ್ತಿರಲಿಲ್ಲ. ಅಲ್ಲಿ ದಂಡಿನ ಕಾನೂನು, ಅದರ ಮೇಲೆ ಬ್ರಿಟಿಷ್ ರೆಸಿಡೆಂಟನ ಅಧಿಕಾರ. ನಿಜಾಮನ ರಾಜ್ಯದಲ್ಲಿ ಎಲ್ಲೇ ಇರಲಿ, ಯುರೋಪಿಯನ್ ಒಬ್ಬನ ಮೇಲಿನ ಮೊಕದ್ದಮೆ ನಿಜಾಮನ ಅದಾಲತ್ತಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಹೊರಗಿನವರಿಗಷ್ಟೇ ಈ ಸೌಲಭ್ಯ ಎಂದೇನೂ ಅಲ್ಲ. ಇದೇ ತಾಲ್ಲೂಕಿನ ಗುರುಗುಂಟಾ ಒಂದು ಸಂಸ್ಥಾನ. ಹೈದರಾಬಾದ್ ರಾಜ್ಯದ ಉದ್ದಗಲಕ್ಕೂ ಜಾಗೀರುಗಳು ಹರಡಿದ್ದವು. ದೊಡ್ಡ ಜಾಗೀರುದಾರರು ತಮ್ಮದೇ ಪೊಲೀಸು, ತಮ್ಮದೇ ಕಚೇರಿ ಇಟ್ಟುಕೊಂಡಿದ್ದರು. 1949ರಲ್ಲಿ ಜಾಗೀರುಗಳು ರದ್ದಾಗುವ ತನಕ ಒಬ್ಬ ರೈತನ ದೂರನ್ನು ಯಾರು ಕೇಳಬೇಕು ಎಂಬುದು ಅವನ ಹೊಲ ಯಾರ ಸೀಮೆಯಲ್ಲಿದೆ, ಹೊಡೆದವನು ಯಾವ ಕುಲದವನು ಎಂಬುದರ ಮೇಲೆ ನಿಂತಿತ್ತು. ಈ ರಕ್ಷಣೆಗೂ ರಕ್ಷಣೆ ಪಡೆದವನು ಮಾಡುತ್ತಿದ್ದ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಸಾಲ ಕೊಟ್ಟು ಮೋಸ ಮಾಡಿದ ಬಿಳಿಯನಿಗೂ ಸೇನಾಧಿಕಾರಿಗೂ ಸಿಗುತ್ತಿದ್ದದ್ದು ಒಂದೇ ಗುರಾಣಿ, ಅದು ಚರ್ಮದ ಬಣ್ಣದ ಗುರಾಣಿ.

ಹೀಗಿದ್ದ ಅಧಿಕಾರಕ್ಕೂ ಒಂದು ಮಿತಿ ಇದೆ ಎಂದು ಹೇಳಿದ ತೀರ್ಪು ಹೈದರಾಬಾದ್ ರಾಜ್ಯದ ರೈಲು ನಿಲ್ದಾಣವೊಂದರ ಪ್ರಕರಣದಲ್ಲಿ ಬಂತು. ಮುಂಬಯಿ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ನಿಜಾಮನ ರಾಜ್ಯದೊಳಗೆ ಹಾದುಹೋಗುವ ರೈಲು ಹಾದಿಯ ನೆಲದ ಮೇಲಿನ ಅಧಿಕಾರವನ್ನು ಬ್ರಿಟಿಷ್ ಸರ್ಕಾರ ಕೇಳಿ ಪಡೆದುಕೊಂಡಿತ್ತು. ಅದನ್ನೇ ನೆಚ್ಚಿ, ಶಿಮ್ಲಾದ ಮ್ಯಾಜಿಸ್ಟ್ರೇಟರು ಹೊರಡಿಸಿದ ವಾರಂಟಿನ ಮೇಲೆ ಮುಹಮ್ಮದ್ ಯೂಸುಫುದ್ದೀನ್ ಎಂಬ ನಿಜಾಮನ ಪ್ರಜೆಯನ್ನು ರೈಲು ನಿಲ್ದಾಣದಲ್ಲಿ ಬಂಧಿಸಲಾಯಿತು. ಅವನ ಮೇಲಿನ ಆರೋಪಕ್ಕೂ ರೈಲಿಗೂ ಏನೇನೂ ಸಂಬಂಧವಿರಲಿಲ್ಲ. ದೂರು ಲಂಡನ್ನಿನ ಪ್ರಿವಿ ಕೌನ್ಸಿಲ್ ವರೆಗೆ ಹೋಯಿತು. 1897ರಲ್ಲಿ ಕೌನ್ಸಿಲ್ ಆ ಬಂಧನ ಕಾನೂನುಬಾಹಿರ ಎಂದಿತು. ನಿಜಾಮ ಕೊಟ್ಟದ್ದು ರೈಲು ನಡೆಸಲು ಬೇಕಾದಷ್ಟು ಅಧಿಕಾರ. ರೈಲಿನ ಕೆಲಸಕ್ಕೆ ಹೊರತಾದದ್ದಕ್ಕೆ ಅದನ್ನು ಎಳೆಯುವಂತಿಲ್ಲ ಎಂಬುದು ಅದರ ತಾತ್ಪರ್ಯ. ವಿಶೇಷಾಧಿಕಾರವನ್ನು ಅದು ಹುಟ್ಟಿದ ಉದ್ದೇಶಕ್ಕೇ ಕಟ್ಟಿಹಾಕಬೇಕು ಎಂಬ ಈ ಅಳತೆಗೋಲನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಹೇಗ್‌ನ ನ್ಯಾಯಾಧೀಶರನ್ನೂ ಕೃಷ್ಣಾ ನದಿಯ ನೀರು ಹಂಚಿದ ನ್ಯಾಯಮಂಡಳಿಯನ್ನೂ ನಾನು ಅಳೆಯುವುದು ಇದರಿಂದಲೇ.

ಈ ಅಳತೆ ಇಂಗ್ಲಿಷರು ತಂದದ್ದು ಎಂದುಕೊಳ್ಳಬೇಕಾಗಿಲ್ಲ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬೆಟ್ಟದಲ್ಲಿ ಅಶೋಕನ ಕಿರು ಶಾಸನವನ್ನು ಕಂಡ. 'ದೇವಾನಾಂಪ್ರಿಯ' ಎಂಬ ಬಿರುದಿನ ಹಿಂದಿನ ಅರಸ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಧರ್ಮದ ಗುರಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಎಟಕುತ್ತದೆ ಎಂಬುದು ಅದರ ಸಾರ. ಅದೇ ಅರಸ ತನ್ನ ಪಟ್ಟದ 26ನೇ ವರ್ಷದಲ್ಲಿ ಬರೆಸಿದ ನಾಲ್ಕನೆಯ ಸ್ತಂಭಶಾಸನದಲ್ಲಿ ಲಕ್ಷಾಂತರ ಜನರ ಮೇಲೆ ನೇಮಿಸಿದ ರಾಜುಕರೆಂಬ ಅಧಿಕಾರಿಗಳ ವಿಷಯವಿದೆ. ವಿಚಾರಣೆ ಮತ್ತು ದಂಡನೆಯಲ್ಲಿ ಅವರಿಗೆ ಸ್ವಾತಂತ್ರ್ಯ ಕೊಟ್ಟಿದ್ದೇನೆ, ಅವರು ಅಂಜದೆ ಅಳುಕದೆ ಜನಹಿತದ ಕೆಲಸ ಮಾಡಲಿ ಎಂದು ಅರಸನೇ ಕಾರಣ ಹೇಳುತ್ತಾನೆ. ಅದರ ಬೆನ್ನಿಗೇ ವ್ಯವಹಾರದಲ್ಲೂ ದಂಡನೆಯಲ್ಲೂ ಸಮತೆ ಇರಬೇಕೆಂದು ಕಟ್ಟಳೆ ಹಾಕುತ್ತಾನೆ. ಸ್ವಾತಂತ್ರ್ಯಕ್ಕೆ ಕಾರಣ, ಸ್ವಾತಂತ್ರ್ಯದ ಜೊತೆಗೆ ಕರ್ತವ್ಯ, ಎರಡೂ ಒಂದೇ ಕಲ್ಲಿನಲ್ಲಿ. ಎರಡು ಸಾವಿರ ವರ್ಷಗಳ ಹಿಂದಿನ ಅರಸೊತ್ತಿಗೆಯನ್ನು ಇಂದಿನ ನ್ಯಾಯಾಂಗಕ್ಕೆ ಸರಿಗಟ್ಟುವುದು ನನ್ನ ಉದ್ದೇಶವಲ್ಲ. ರಾಜುಕರು ಅರಸನ ನೌಕರರು, ಅರಸ ಕೊಟ್ಟದ್ದನ್ನು ಅರಸನೇ ಕಿತ್ತುಕೊಳ್ಳಬಹುದಿತ್ತು. ಆದರೆ ಹೆದರಿಕೆಯಲ್ಲಿ ಕೂತವನು ನ್ಯಾಯ ಹೇಳಲಾರ ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಆ ತಿಳಿವಳಿಕೆಗೆ ಕಾನೂನಿನ ರೂಪ ಸಿಕ್ಕ ಬಗೆ ನೋಡಲು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರ ಬದುಕು ಸಾಕು. ಸಿಂಧ್ ಮತ್ತು ಪಂಜಾಬ್ ಪ್ರಾಂತಗಳು ಸಿಂಧೂ ನದಿಯ ನೀರಿಗಾಗಿ ಜಗಳಕ್ಕೆ ನಿಂತಾಗ 1941ರಲ್ಲಿ ನೇಮಕವಾದ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಅವರೇ. 1942ರ ಅವರ ವರದಿ ನದಿಯನ್ನು ಯಾವ ಒಂದು ಪ್ರಾಂತದ ಆಸ್ತಿಯೆಂದೂ ಒಪ್ಪಲಿಲ್ಲ. ನ್ಯಾಯಯುತ ಹಂಚಿಕೆಯೇ ದಾರಿ ಎಂದಿತು. ಸಂವಿಧಾನ ಸಭೆಗೆ ಸಲಹೆಗಾರರಾಗಿ, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ದುಡಿದ ರಾಯರು 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು, ಮರುವರ್ಷ ನವೆಂಬರ್‌ನಲ್ಲಿ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಅವರು ಕೂತಿದ್ದ ಪೀಠಕ್ಕೆ ಸಂಬಂಧಿಸಿದ ಶಾಸನದ 19ನೆಯ ವಿಧಿ ನ್ಯಾಯಾಲಯದ ಕೆಲಸದಲ್ಲಿ ತೊಡಗಿರುವಾಗ ಸದಸ್ಯರಿಗೆ ರಾಯಭಾರಿಗಳಿಗಿರುವ ಸೌಲಭ್ಯ, ವಿನಾಯಿತಿಗಳು ಸಲ್ಲುತ್ತವೆ ಎನ್ನುತ್ತದೆ. ಅವರನ್ನು ಬಂಧಿಸುವಂತಿಲ್ಲ, ಅವರ ಕಾಗದಪತ್ರ ಜಪ್ತಿ ಮಾಡುವಂತಿಲ್ಲ, ಕೊಟ್ಟ ತೀರ್ಪಿಗಾಗಿ ಯಾವ ದೇಶದ ಕೋರ್ಟಿಗೂ ಎಳೆಯುವಂತಿಲ್ಲ. 42ನೆಯ ವಿಧಿ ವಾದಿಸಲು ಬರುವ ವಕೀಲರಿಗೂ ಅವರ ಕೆಲಸಕ್ಕೆ ಬೇಕಾದಷ್ಟು ರಕ್ಷಣೆ ಕೊಡುತ್ತದೆ. ನ್ಯಾಯಾಧೀಶನನ್ನು ತೆಗೆಯಬೇಕಾದರೆ ಉಳಿದ ಎಲ್ಲ ಸದಸ್ಯರೂ ಒಕ್ಕೊರಲಿನಿಂದ ಅನರ್ಹ ಎನ್ನಬೇಕು, ಅದು 18ನೆಯ ವಿಧಿ. 1946ರ ವಿಶ್ವಸಂಸ್ಥೆಯ ವಿನಾಯಿತಿ ಒಡಂಬಡಿಕೆ ಇನ್ನೂ ಬಿಚ್ಚಿ ಹೇಳುತ್ತದೆ: ಅಧಿಕಾರಿಗಳಿಗೆ ವಿನಾಯಿತಿ ಸಿಗುವುದು ಸಂಸ್ಥೆಯ ಹಿತಕ್ಕಾಗಿ, ಅವರ ಸ್ವಂತ ಲಾಭಕ್ಕಲ್ಲ, ನ್ಯಾಯಕ್ಕೆ ಅಡ್ಡಿಯಾಗುವುದಾದರೆ ಅದನ್ನು ತೆಗೆದುಹಾಕುವುದು ಮಹಾಕಾರ್ಯದರ್ಶಿಯ ಹಕ್ಕೂ ಹೌದು, ಹೊಣೆಯೂ ಹೌದು. ಲಿಂಗಸೂಗೂರಿನ ಛಾವಣಿಯಲ್ಲಿದ್ದ ಕ್ಯಾಪ್ಟನ್ನನಿಗೆ ಇಂಥ ಷರತ್ತು ಇರಲಿಲ್ಲ.

ರಾಯರ ಆಯೋಗ ಹುಟ್ಟಿದ್ದು 1935ರ ಭಾರತ ಸರ್ಕಾರ ಕಾಯ್ದೆಯಡಿ. ನೀರಿನ ಜಗಳದ ತೀರ್ಮಾನ ಆಯೋಗದ ಮೂಲಕವೇ ಆಗಲಿ, ಕೋರ್ಟುಗಳು ಕೈಹಾಕದಿರಲಿ ಎಂದು ಆ ಕಾಯ್ದೆಯ 133ನೆಯ ಕಲಮು ಹೇಳಿತ್ತು. ಆದರೆ ಒಕ್ಕೂಟ ಸೇರದ ಹೈದರಾಬಾದಿಗೆ ಅದು ಅನ್ವಯವಾಗಲಿಲ್ಲ. ಆದ್ದರಿಂದಲೇ ತುಂಗಭದ್ರೆಯ ನೀರು ಎರಡು ದೇಶಗಳ ಮಾತುಕತೆಯ ರೀತಿಯಲ್ಲಿ ಹಂಚಿಕೆಯಾಯಿತು. 1944ರ ಜೂನ್‌ನಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ತಲಾ 65 ಟಿಎಂಸಿ ನೀರೆಂದು ಒಪ್ಪಿದವು, 1945ರ ಫೆಬ್ರುವರಿ 28ರಂದು ಅಣೆಕಟ್ಟೆಗೆ ಅಡಿಗಲ್ಲು ಬಿತ್ತು, 1953ರಲ್ಲಿ ನಾಲೆಗೆ ನೀರು ಬಂತು. ಎಡದಂಡೆ ನಾಲೆ 227 ಕಿಲೋಮೀಟರ್ ಹರಿದು ಸಿಂಧನೂರಿನ ಎರೆಭೂಮಿಯನ್ನು ಭತ್ತದ ಕಣಜ ಮಾಡಿತು. ಒಪ್ಪಂದಕ್ಕೆ ಸಹಿ ಹಾಕಿದ ಎರಡು ಸರ್ಕಾರಗಳಲ್ಲಿ ಹೈದರಾಬಾದಿನದು ಹತ್ತು ಹನ್ನೆರಡು ವರ್ಷಗಳಲ್ಲಿ ಅಳಿದುಹೋಯಿತು, ಮದ್ರಾಸಿನ ಕೈಯಿಂದ ತುಂಗಭದ್ರೆಯ ಸೀಮೆ ತಪ್ಪಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಸಹಿ ಮಾಡಿದವರೇ ಈ ಸೀಮೆಯಲ್ಲಿ ಇಲ್ಲವಾದ ಮೇಲೆ ತಂಟೆ ಬಂದರೆ ಯಾರನ್ನು ಕೇಳುವುದು? ನದಿ ಹಂಚಿಕೆಗೆ ಪೀಠವೊಂದು ಅನಿವಾರ್ಯವಾದದ್ದು ಈ ಸಂದರ್ಭದಲ್ಲಿ.

ಸಂವಿಧಾನದ 262ನೆಯ ವಿಧಿ ರಾಯರ ಕಾಲದ ವ್ಯವಸ್ಥೆಯನ್ನೇ ಮುಂದುವರಿಸಿತು. ಅಂತರರಾಜ್ಯ ನದಿ ನೀರಿನ ವ್ಯಾಜ್ಯವನ್ನು ಸುಪ್ರೀಂ ಕೋರ್ಟೂ ಸೇರಿದಂತೆ ಯಾವ ಕೋರ್ಟಿನ ಕಕ್ಷೆಗೂ ಬರದಂತೆ ಮಾಡಲು ಸಂಸತ್ತಿಗೆ ಅಧಿಕಾರ ಕೊಟ್ಟಿತು. 1956ರ ಅಂತರರಾಜ್ಯ ನದಿ ನೀರು ವ್ಯಾಜ್ಯ ಕಾಯ್ದೆಯ 11ನೆಯ ಕಲಮು ಅದನ್ನು ಜಾರಿಗೆ ತಂದಿತು. ಮೊದಲು ನ್ಯಾಯಮಂಡಳಿ ಎಂದರೆ ಒಬ್ಬರೇ; 1968ರ ತಿದ್ದುಪಡಿ ಮೂವರನ್ನು ಕೂರಿಸಿತು, ಅವರನ್ನು ಹೆಸರಿಸುವ ಅಧಿಕಾರ ಭಾರತದ ಮುಖ್ಯ ನ್ಯಾಯಮೂರ್ತಿಗಳದು. 1969ರ ಏಪ್ರಿಲ್‌ನಲ್ಲಿ ಆರ್.ಎಸ್. ಬಚಾವತ್, ಡಿ.ಎಂ. ಭಂಡಾರಿ, ಡಿ.ಎಂ. ಸೇನ್ ಇದ್ದ ಕೃಷ್ಣಾ ನ್ಯಾಯಮಂಡಳಿ ಕೂತಿತು. 1973ರ ಡಿಸೆಂಬರ್‌ನಲ್ಲಿ ವರದಿ, 1976ರ ಮೇ 31ರಂದು ಗೆಜೆಟ್. ಶೇ 75ರ ಭರವಸೆಯ 2,060 ಟಿಎಂಸಿಯಲ್ಲಿ ಕರ್ನಾಟಕಕ್ಕೆ 700, ಮಹಾರಾಷ್ಟ್ರಕ್ಕೆ 560, ಆಂಧ್ರಕ್ಕೆ 800. ತುಂಗಭದ್ರಾ ಯೋಜನೆಯ 230ರಲ್ಲಿ ಆವಿಯಾಗುವುದನ್ನು ಕಳೆದು ಕರ್ನಾಟಕಕ್ಕೆ 138.99, ಆಂಧ್ರಕ್ಕೆ 73.01. ಈ ಮೂವರನ್ನು ಕಾಯ್ದ ಕಾನೂನು ಹಳೆಯದು: 1850ರ ನ್ಯಾಯಾಧಿಕಾರಿಗಳ ರಕ್ಷಣಾ ಕಾಯ್ದೆ, 1860ರ ದಂಡಸಂಹಿತೆಯ 77ನೆಯ ಕಲಮು. ಅದನ್ನು ಇನ್ನಷ್ಟು ಗಟ್ಟಿ ಮಾಡಿದ 1985ರ ನ್ಯಾಯಾಧೀಶರ ರಕ್ಷಣಾ ಕಾಯ್ದೆ, ಕಾನೂನಿನಂತೆ ಅಂತಿಮ ತೀರ್ಪು ಕೊಡುವ ಮಂಡಳಿಯ ಸದಸ್ಯನನ್ನೂ ನ್ಯಾಯಾಧೀಶನೆಂದೇ ಎಣಿಸುತ್ತದೆ. ಕರ್ತವ್ಯದಲ್ಲಿ ಆಡಿದ ಮಾತಿಗೆ, ಮಾಡಿದ ಕೆಲಸಕ್ಕೆ ಅವನ ಮೇಲೆ ಸಿವಿಲ್ ದಾವೆಯೂ ಇಲ್ಲ, ಕ್ರಿಮಿನಲ್ ಮೊಕದ್ದಮೆಯೂ ಇಲ್ಲ. ಹೇಗ್‌ನ 19ನೆಯ ವಿಧಿಯ ಹಾಗೆ ಇಲ್ಲಿಯೂ ರಕ್ಷಣೆ ಕರ್ತವ್ಯದ ಬೇಲಿಯೊಳಗೇ ಇದೆ.

ಇಷ್ಟೆಲ್ಲ ಕಾವಲು ಬೇಕೇ ಎನ್ನುವವರು 1991ನ್ನು ನೆನೆಯಬೇಕು. ಆ ವರ್ಷ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು. ಒಂದು ತಿಂಗಳಿಗೆ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಅದನ್ನು ಮುರಿಯಹೊರಟಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುಗ್ರೀವಾಜ್ಞೆಯನ್ನು ಅಸಂವಿಧಾನಿಕ ಎಂದಿತು. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂಸೆ ಭುಗಿಲೆದ್ದಿತು. ಕನ್ನಡಿಗನಾಗಿ ಇದನ್ನು ಬರೆಯುವುದು ಸುಲಭವಲ್ಲ, ಆದರೆ ಬರೆಯಲೇಬೇಕು: ಒಂದು ರಾಜ್ಯ ಸರ್ಕಾರ ತನಗೊಪ್ಪದ ಪೀಠದ ಮೇಲೆ ಬೀಳಬಲ್ಲದು, ಆ ಸರ್ಕಾರ ನಮ್ಮದೇ ಆಗಿರಬಹುದು. ನ್ಯಾಯಮಂಡಳಿಯ ಸದಸ್ಯರ ಮೇಲೆ ಖಾಸಗಿ ಮೊಕದ್ದಮೆ ಹೂಡಲು ಬಿಟ್ಟಿದ್ದರೆ ಬೆಂಗಳೂರಿನಲ್ಲೊಂದು, ಚೆನ್ನೈನಲ್ಲೊಂದು, ಹೈದರಾಬಾದಿನಲ್ಲೊಂದು ಕೇಸು ಎದುರಾಗಿ, ಯಾವ ಪೀಠವೂ ಯಾವ ರಾಜ್ಯದ ವಿರುದ್ಧವೂ ಒಂದು ಟಿಎಂಸಿ ನೀರನ್ನು ಬರೆಯುವ ಧೈರ್ಯ ಮಾಡುತ್ತಿರಲಿಲ್ಲ. ಪೀಠದ ಮೇಲೆ ಹೀಗೆ ಬೀಳುವುದು ಹೊರಗಿನ ಜಗತ್ತಿನಲ್ಲಿ ಈಗಲೂ ನಡೆಯುತ್ತಿದೆ. 2023ರಲ್ಲಿ ಪುಟಿನ್ ವಿರುದ್ಧ ವಾರಂಟ್ ಹೊರಡಿಸಿದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ನ್ಯಾಯಾಧೀಶರನ್ನು ರಷ್ಯಾ ತನ್ನ ಬೇಕಾದವರ ಪಟ್ಟಿಗೆ ಸೇರಿಸಿತು. 2025ರ ಜೂನ್‌ನಲ್ಲಿ ಅದೇ ನ್ಯಾಯಾಲಯದ ನಾಲ್ವರು ನ್ಯಾಯಾಧೀಶರ ಮೇಲೆ ಅಮೆರಿಕ ನಿರ್ಬಂಧ ಹೇರಿತು. ಕಾಗದದ ಮೇಲಿನ ವಿನಾಯಿತಿ ದೊಡ್ಡ ದೇಶಗಳು ಮನಸ್ಸು ಮಾಡಿದಲ್ಲಿ ಎಷ್ಟು ತೆಳ್ಳಗಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ನಾಲೆಯ ಕೊನೆ ಭಾಗದಿಂದ ಬರುವ ಮಾತು, ಅದರಲ್ಲಿ ನೋವಿದೆ. ಎಡದಂಡೆ ನಾಲೆಯನ್ನು ಯೋಜಿಸಿದ್ದು ಮುಖ್ಯವಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಮೇಲ್ಭಾಗದ ಗಂಗಾವತಿ, ಕಾರಟಗಿಯಿಂದ ಸಿಂಧನೂರಿನ ಕ್ಯಾಂಪುಗಳವರೆಗೆ ಭತ್ತ ಹಬ್ಬಿತು. ಜಲಾಶಯದಲ್ಲಿ ಹೂಳು ತುಂಬಿ, ಮೊದಲು 133 ಟಿಎಂಸಿಯಷ್ಟಿದ್ದ ಸಂಗ್ರಹ 105ರ ಆಸುಪಾಸಿಗೆ ಇಳಿಯಿತು. ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆ ನೀರು ಬಿಡುವ ದಿನಾಂಕ ಸಾರುತ್ತದೆ. ಕೆಳಗಿನ ರೈತ ಮಾತ್ರ ಮೈಲ್ 69ರಲ್ಲಿ ಗೇಜ್ ಎಷ್ಟಿದೆ ಎಂದು ದಿನಾ ವಿಚಾರಿಸುತ್ತ, ಬಿತ್ತಿದ ಪೈರು ಕಾಯುತ್ತ ಕೂರುತ್ತಾನೆ. ಅತ್ತ ಕೃಷ್ಣೆಯ ಕಡೆ, ನಾರಾಯಣಪುರ ಬಲದಂಡೆಯ 5ಎ ನಾಲೆ ಬೇಕೆಂದು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 2020–21ರಲ್ಲಿ ರೈತರು ದೀರ್ಘ ಧರಣಿ ಕೂತರು. ಇವರ ಹೊಲದ ಹಣೆಬರಹ ಬರೆಯುವ ಪೀಠದ ಮುಂದೆ ಇವರಿಗೆ ಬಾಯಿಲ್ಲ. ಅಲ್ಲಿ ಕಕ್ಷಿದಾರರು ರಾಜ್ಯಗಳು ಮಾತ್ರ. ಹೀಗಿರುವಾಗ ಪ್ರಶ್ನಿಸಲಾಗದ ಪೀಠಕ್ಕೂ ಹಳೆಯ ಛಾವಣಿಗೂ ವ್ಯತ್ಯಾಸವೇನು ಎಂದು ಕೇಳಿದರೆ, ದೂರಿನ ಅರ್ಧ ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ. ರೈತನ ಮಾತು ಪೀಠದವರೆಗೆ ಹೋಗಲು ದಾರಿ ಬೇಕು. ಆದರೆ ಆ ದಾರಿಗೆ ಅಡ್ಡ ನಿಂತದ್ದು ಸದಸ್ಯರ ವಿನಾಯಿತಿಯಲ್ಲ. ಕಕ್ಷಿದಾರರು ಯಾರೆಂದು ಗೊತ್ತುಮಾಡಿದ್ದು 1956ರ ಕಾಯ್ದೆ. ರಾಜ್ಯದ ಪಾಲಿಗೆ ಬಂದ ನೀರನ್ನು ಮೇಲ್ಭಾಗ ಮತ್ತು ಕೊನೆ ಭಾಗಕ್ಕೆ ಹಂಚುವುದು ನೀರಾವರಿ ಇಲಾಖೆ. ಅದರ ಅಧಿಕಾರಿಗಳಿಗೆ ನ್ಯಾಯಮಂಡಳಿಯ ಸದಸ್ಯರಿಗಿರುವ ಕವಚವಿಲ್ಲ. ಅವರನ್ನು ಕೇಳಬಹುದು, ಕೇಳಬೇಕು.

ಎರಡನೆಯ ಆಕ್ಷೇಪ ವಕೀಲರದು. ಪೀಠ ಪಕ್ಷಪಾತ ಮಾಡಿದರೆ, ಲಂಚ ತಿಂದರೆ ಗತಿಯೇನು? 1985ರ ಕಾಯ್ದೆಯ ಮೂರನೆಯ ಕಲಮಿನ ಎರಡನೆಯ ಭಾಗ ಇದಕ್ಕೆ ಬಾಗಿಲು ತೆರೆದಿಟ್ಟಿದೆ: ಸರ್ಕಾರ, ಸುಪ್ರೀಂ ಕೋರ್ಟ್, ಹೈಕೋರ್ಟುಗಳು ಕ್ರಮ ಕೈಗೊಳ್ಳುವ ಅಧಿಕಾರ ಹಾಗೇ ಉಳಿದಿದೆ. ವೀರಸ್ವಾಮಿ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಉನ್ನತ ನ್ಯಾಯಾಧೀಶರ ಮೇಲೂ ಭ್ರಷ್ಟಾಚಾರದ ಕೇಸು ನಡೆಸಬಹುದು, ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯ ಪಡೆದು ನಡೆಸಬೇಕು ಎಂದಿತು. ತೀರ್ಪು ತಪ್ಪಾಗಿದೆ ಎಂದರೆ ವಿವರಣೆ ಕೋರಿ ಅದೇ ನ್ಯಾಯಮಂಡಳಿಗೆ ಮರಳಬಹುದು. 2016ರ ಡಿಸೆಂಬರ್ 9ರಂದು ಕಾವೇರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮಂಡಳಿಯ ಐತೀರ್ಪಿನ ಮೇಲೆ 136ನೆಯ ವಿಧಿಯಡಿ ಮೇಲ್ಮನವಿ ಕೇಳಬಹುದು ಎಂದಿತು. ಅದರ ಫಲವೇ 2018ರ ಫೆಬ್ರುವರಿಯ ಕಾವೇರಿ ತೀರ್ಪು. ತೀರ್ಪನ್ನು ಪ್ರಶ್ನಿಸಬಹುದು, ತೀರ್ಪು ಕೊಟ್ಟವನನ್ನು ಆ ತೀರ್ಪಿಗಾಗಿ ಹಿಂಸಿಸುವಂತಿಲ್ಲ. ಪ್ರಿವಿ ಕೌನ್ಸಿಲ್ ರೈಲು ನಿಲ್ದಾಣದಲ್ಲಿ ಎಳೆದ ಗೆರೆ ಇಲ್ಲಿಯೂ ಗಟ್ಟಿಯಾಗಿ ನಿಂತಿದೆ.

ನನ್ನನ್ನು ನಿಜವಾಗಿ ಕಾಡುವುದು ಮೂರನೆಯದು, ವಿಳಂಬ. ಎರಡನೆಯ ಕೃಷ್ಣಾ ನ್ಯಾಯಮಂಡಳಿ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯಲ್ಲಿ 2004ರ ಏಪ್ರಿಲ್‌ನಲ್ಲಿ ರಚನೆಯಾಯಿತು. ಕಾಯ್ದೆಯಂತೆ ಮೂರು ವರ್ಷ, ಹೆಚ್ಚೆಂದರೆ ಇನ್ನೆರಡು ವರ್ಷದಲ್ಲಿ ಮುಗಿಯಬೇಕಾದ ಕೆಲಸ. ಮೊದಲ ವರದಿ 2010ರ ಡಿಸೆಂಬರ್ 30ಕ್ಕೆ, ಅಂತಿಮ ವರದಿ 2013ರ ನವೆಂಬರ್ 29ಕ್ಕೆ ಬಂತು. ಆಲಮಟ್ಟಿಯನ್ನು 524.256 ಮೀಟರ್‌ಗೆ ಏರಿಸಲು, ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತಕ್ಕೆ 130 ಟಿಎಂಸಿ ಬಳಸಲು ಅದು ಒಪ್ಪಿತು. ಆದರೆ ಗೆಜೆಟ್‌ನಲ್ಲಿ ಪ್ರಕಟಿಸಬಾರದೆಂಬ ಸುಪ್ರೀಂ ಕೋರ್ಟಿನ 2011ರ ಸೆಪ್ಟೆಂಬರ್ 16ರ ಆದೇಶ ಅದರ ಮೇಲೆ ಕೂತಿದೆ. ಪೀಠಕ್ಕೆ ರಕ್ಷಣೆ ಕೊಟ್ಟದ್ದು ಅದು ಅಂಜದೆ ತೀರ್ಪು ಹೇಳಲಿ ಎಂದು. ಹೇಳಿದ ತೀರ್ಪು ಕಪಾಟಿನಲ್ಲಿ ಕೊಳೆಯಲಿ ಎಂದಲ್ಲ. ಒಂದೇ ಶಾಶ್ವತ ನ್ಯಾಯಮಂಡಳಿ, ನಿಗದಿತ ಗಡುವು ಎಂದು ತಂದ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆ ದಾಟಿತು, ರಾಜ್ಯಸಭೆ ದಾಟಲಿಲ್ಲ. ಸಿಂಧನೂರು, ಲಿಂಗಸೂಗೂರು, ಮಸ್ಕಿಯಿಂದ ಆರಿಸಿ ಹೋದವರು ನ್ಯಾಯಾಧೀಶರನ್ನು ಬೈಯುವುದು ಬಿಟ್ಟು ಎರಡು ಕೆಲಸ ಹಿಡಿಯಲಿ: ಪ್ರಕಟಣೆಯ ತಡೆ ತೆರವಾಗುವಂತೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಪಟ್ಟು ಹಿಡಿಯುವ ಹಾಗೆ ನೋಡಿಕೊಳ್ಳಲಿ, ಕೊನೆ ಭಾಗದ ರೈತ ಸಂಘಗಳಿಗೂ ಮುಂದಿನ ನ್ಯಾಯಮಂಡಳಿಯ ಎದುರು ಅಹವಾಲು ಹೇಳುವ ಹಕ್ಕು ಕಾಯ್ದೆಯಲ್ಲಿ ಬರುವಂತೆ ಒತ್ತಾಯಿಸಲಿ.